ಕಡಲ ನಡುವೆ ಒಂದು ಕ್ಯಾನು ನೀರು

ಪ್ರವಾಸವೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಇಂದಿಗೂ ಜಾತ್ರೆ, ಕ್ಷೇತ್ರದರ್ಶನ, ಇಲ್ಲವೆ ಬೀಗರ ಊರು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಿ ಉಣ್ಣುವ ಸಂಪ್ರದಾಯವೇನೋ ನಮ್ಮಲ್ಲಿ ಹಳೆಯದು. ಎಳ್ಳಮವಾಸ್ಯೆಯ ದಿನ ಬಂಡಿ ಹೂಡಿ, ಸಜ್ಜೆಯ ಕಡಬು, ಭಜ್ಜಿ, ರೊಟ್ಟಿಗಳ ಬುಟ್ಟಿ ಹೊತ್ತು ಹೊಲಕ್ಕೆ ನಡೆದು, ಚರಗ ಚೆಲ್ಲಿ, ಬನ್ನಿಯ ನೆರಳಲ್ಲಿ ಪಂಕ್ತಿಯಾಗಿ ಕುಳಿತು ಉಂಡವರಿಗೆ ಬಯಲ ಊಟದ ರುಚಿಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಕಡಲ ದಂಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವುದು, ನಿರ್ಜನವಾದ ನಡುಗಡ್ಡೆಯೊಂದರಲ್ಲಿ ಮಕ್ಕಳು ಮರಿಗಳೊಡನೆ ಹಗಲು ಕಳೆಯುವುದು ತೆಲಸಂಗದಂತಹ ಬಯಲುಸೀಮೆಯ ಊರಿನ ಮನೆತನಕ್ಕೆ ಹೊಸ ಮಾತೇ ಸರಿ. ಎರಡು ವರ್ಷಗಳ ಹಿಂದೆ ಆ ಹೊಸ ಮಾತು ನಮ್ಮ ಮನೆಯಲ್ಲಿ ಎದ್ದಿತು. ಅದರ ಕಥೆಯನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹೊರಟ ಕಾರಣ

ಮುಚ್ಚಿಡುವುದೇಕೆ? ನಾವು ಹೊರಟದ್ದು ಕೇವಲ ಕಡಲು ನೋಡಲಲ್ಲ. ನಮ್ಮ ತಂದೆಯವರ ಕಾಲದಿಂದ ಬಂದ ಇಪ್ಪತ್ತನಾಲ್ಕು ಎಕರೆ ಹೊಲ, ಒಂದು ಬಾವಿ, ಒಂದು ಒಲೆ ಅಣ್ಣತಮ್ಮಂದಿರಾದ ನಮ್ಮಿಬ್ಬರ ನಡುವೆ ಒಡೆಯದೆ ಉಳಿದಿದ್ದವು. ಬಾಲ್ಯದಲ್ಲಿ ನಮ್ಮನ್ನು ಮಠದ ಪಾಠಶಾಲೆಗೆ ಕಳುಹಿಸಿ, ಹೊಲದ ನೊಗವನ್ನು ತಾವೊಬ್ಬರೇ ಹೊತ್ತವರು ನಮ್ಮ ಅಣ್ಣನವರು. ಮುಂದಿನ ಪೀಳಿಗೆ ಜೋಳದ ಹೊಲಕ್ಕೆ ದ್ರಾಕ್ಷಿಯ ಬಳ್ಳಿ ತಂದಿತು. ಆ ವರ್ಷ ಒಣದ್ರಾಕ್ಷಿಯ ಹೊತ್ತಿಗೆ ಅಕಾಲದ ಮಳೆ ಬಿದ್ದು, ಒಣಗಲು ಹಾಕಿದ ಹಣ್ಣು ಕಪ್ಪಾಯಿತು. ಸಾಲ ಉಳಿಯಿತು. ಸಾಲದ ಬೆನ್ನಿಗೆ ಮಾತುಗಳು ಬಂದವು. 'ಪಾಲು' ಎಂಬ ಶಬ್ದ ಮೊದಲು ಹೊರಟದ್ದು ನಮ್ಮ ಮಗನ ಬಾಯಿಂದಲೇ ಎಂದು ಹೇಳಲು ನಮಗೆ ಸಂಕೋಚವಾಗುತ್ತದೆ. ಆದರೂ ನಿಜವನ್ನು ಹೇಳಬೇಕು. ಅಣ್ಣನ ಮಗನೂ ಸುಮ್ಮನಿರಲಿಲ್ಲ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಉಣ್ಣುವ ದಿನಗಳು ಬಂದವು.

ಎಪ್ಪತ್ತೆರಡು ದಾಟಿದ್ದ ಅಣ್ಣನವರು ಒಂದು ಸಂಜೆ ಅಂದರು: "ತಮ್ಮಾ, ಪಾಲಾಗೂದು ಇದ್ದೇ ಐತಿ. ಅದಕಿಂತ ಮೊದಲ ಎಲ್ಲಾರೂ ಕೂಡಿ ಒಮ್ಮೆ ಎಲ್ಲೆರೆ ಹೋಗಿ ಬರೂಣು. ನಾ ಸಮುದ್ರ ನೋಡಿಲ್ಲ." ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಆಗಲಿಲ್ಲ. ಎಳ್ಳಮವಾಸ್ಯೆ ಕಳೆದ ಐದನೆಯ ದಿನ ಬಾಡಿಗೆಯ ಕ್ರೂಸರಿನಲ್ಲಿ ಹನ್ನೊಂದು ಜನ ಹೊರಟೆವು.

ಮೂಡಣ ನದಿಗಳಿಂದ ಪಡುವಣ ನದಿಗಳಿಗೆ

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ದಾಟಿ ಹುಬ್ಬಳ್ಳಿಗೆ ಬಂದು, ಯಲ್ಲಾಪುರದ ಕಾಡು ಹೊಕ್ಕು, ಅರಬೈಲು ಘಟ್ಟ ಇಳಿದು ಅಂಕೋಲೆ ಸೇರಿದೆವು. ಅಲ್ಲಿಂದ ದಕ್ಷಿಣಕ್ಕೆ ಗಂಗಾವಳಿ, ಅಘನಾಶಿನಿಗಳನ್ನು ದಾಟಿದರೆ ಹೊನ್ನಾವರ. ನಮ್ಮ ನದಿಗಳು ಮೂಡಣಕ್ಕೆ ಹರಿದು ಬಂಗಾಳ ಉಪಸಾಗರ ಸೇರುವವು. ಘಟ್ಟದ ಕೆಳಗಿನವು ಪಡುವಣಕ್ಕೆ ಹರಿದು ಅರಬ್ಬೀ ಸಮುದ್ರ ಸೇರುವವು. ಅಥಣಿಯ ಮೂಡಣ ಭಾಗದಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಸುಕಾಲವೆನ್ನುತ್ತೇವೆ, ಹೊನ್ನಾವರದಲ್ಲಿ 3,000 ಮಿ.ಮೀ. ಮೀರುವುದು ವಾಡಿಕೆ. ಕಿಟಕಿಯಿಂದ ಹಳ್ಳಕೊಳ್ಳಗಳನ್ನು ನೋಡುತ್ತ ಕುಳಿತ ಅಣ್ಣನವರು ಘಟ್ಟ ಇಳಿಯುವವರೆಗೂ ಮಾತಾಡಲಿಲ್ಲ. ಆಮೇಲೆ, "ಇಷ್ಟ ನೀರು ಒಂದ ಕಡೆ ಸುರದು, ನಮ್ಮ ಕಡೆ ಮರತಾನ ನೋಡು" ಎಂದಷ್ಟೇ ಅಂದರು.

ಹೊನ್ನಾವರದ ಬಡಗಣ ಬದಿಗೆ ಪಾವಿನಕುರ್ವೆ ಎಂಬ ಊರು. ಅದರ ಎದುರಿಗೆ ಕಡಲಲ್ಲಿ ಬಸವರಾಜದುರ್ಗ. ದ್ವೀಪದ ಮೇಲೆಯೇ ಡೇರೆ ಹಾಕಬೇಕೆಂಬುದು ಮಕ್ಕಳ ಹಂಬಲ. ಆದರೆ ದೋಣಿಯವರು ತಲೆ ಅಲ್ಲಾಡಿಸಿದರು: "ಹಗಲು ಹೋಗಿ ಬನ್ನಿ, ರಾತ್ರಿ ಬೇಡ." ಕಡಲನ್ನು ಬಲ್ಲವರ ಮಾತನ್ನು ಮೀರಬಾರದೆಂದು, ಒಬ್ಬ ಗೃಹಸ್ಥರ ಅಪ್ಪಣೆ ಪಡೆದು ಅವರ ತೆಂಗಿನ ತೋಟದಲ್ಲಿಯೇ ಮೂರು ಡೇರೆ ಹೂಡಿದೆವು. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮಾದಲಿ ಬುತ್ತಿಯಲ್ಲಿದ್ದವು. ಆ ಗೃಹಸ್ಥರ ಮನೆಯವರಿಗೆ ನಮ್ಮ ಕಟಕ ರೊಟ್ಟಿ ಬೆರಗು. ನಮಗೆ ಅವರ ಎಳನೀರು ಬೆರಗು.

ಐದನೆಯ ದಿನದ ಎಳೆಚಂದ್ರ ಹೊತ್ತಿಗೆ ಮುಂಚೆಯೇ ಮುಳುಗಿದ. ದಂಡೆಯಲ್ಲಿ ಬೆಂಕಿ ಹಾಕಬಾರದು, ದೊಡ್ಡ ದೀಪ ಉರಿಸಬಾರದು ಎಂದು ಆ ಗೃಹಸ್ಥರು ಮೊದಲೇ ತಿಳಿಸಿದ್ದರು. ಆ ಕರಾವಳಿಯ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಮರಿಗಳು ನೀರಿನ ಮೇಲಿನ ಬೆಳಕನ್ನು ಗುರುತು ಹಿಡಿದು ಕಡಲಿನತ್ತ ಹೋಗುವುದರಿಂದ, ನೆಲದ ಮೇಲಿನ ದೀಪ ಕಂಡರೆ ದಾರಿ ತಪ್ಪುತ್ತವೆ. ಆದುದರಿಂದ ಕತ್ತಲಲ್ಲೇ ಕುಳಿತೆವು. ಮನೆಯಲ್ಲಿ ಟಿ.ವಿ.ಯ ಎದುರು ಕೂಡುತ್ತಿದ್ದ ಹನ್ನೊಂದು ಜನ ಕತ್ತಲಲ್ಲಿ ಒಟ್ಟಿಗೆ ಕುಳಿತದ್ದು ಎಷ್ಟು ವರ್ಷಗಳ ಮೇಲೋ!

ಬಸವರಾಜದುರ್ಗ

ಕರ್ನಾಟಕದ ಕಡಲಿನಲ್ಲಿ ದ್ವೀಪಗಳಿಗೆ ಕೊರತೆಯಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾದಿಂದ ಆದವು. ಮುರ್ಡೇಶ್ವರದ ಆಚೆ ನೇತ್ರಾಣಿ. ಕಾರವಾರದ ಎದುರು ನರಸಿಂಹನ ಗುಡಿಯುಳ್ಳ ಕುರುಮಗಡ. ಆದರೆ ನಮ್ಮ ಮನಸ್ಸನ್ನು ಸೆಳೆದದ್ದು ಬಸವರಾಜದುರ್ಗವೇ. ಕಾರಣ, ಅದು ಕೆಳದಿಯ ನೆನಪನ್ನು ಹೊತ್ತ ನೆಲ. ಆ ಹೆಸರು ಕೆಳದಿಯ ರಾಜಕುಮಾರ ಬಸವರಾಜನದೆಂಬುದು ಪ್ರತೀತಿ.

ಚೌಡಪ್ಪ, ಭದ್ರಪ್ಪರೆಂಬ ಅಣ್ಣತಮ್ಮಂದಿರಿಂದ ಕೆಳದಿಯ ಮನೆತನ ತಲೆಯೆತ್ತಿತೆಂದು ಪರಂಪರೆ ಹೇಳುತ್ತದೆ. ಅವರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಸಾಗಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳಿಕೆ ಮುಗಿದ ಮೇಲೆ ಈ ಕರಾವಳಿಯ ಮೆಣಸಿನ ವ್ಯಾಪಾರ ಅವರ ಕೈಸೇರಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕರು ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಹೊಲದ ಗುಣವನ್ನು ನೋಡಿ ಕಂದಾಯ ಕಟ್ಟುವ ಅವರ 'ಶಿಸ್ತು' ರೈತರ ಬಾಯಲ್ಲಿ ಉಳಿಯಿತು. ರಾಣಿ ಚೆನ್ನಮ್ಮಾಜಿಯವರು ಔರಂಗಜೇಬನ ಕೋಪವನ್ನು ಲೆಕ್ಕಿಸದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತರು. ಅವರ ದತ್ತುಪುತ್ರ ಬಸಪ್ಪನಾಯಕರು ಅರಸರಾಗಿದ್ದೂ ಪಂಡಿತರು. 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಮಠದ ಪಾಠಶಾಲೆಯಲ್ಲಿ ಈ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆವು. ಅವರ ಕೋಟೆಯ ಕಲ್ಲನ್ನು ಕೈಯಿಂದ ಮುಟ್ಟಿದ್ದು ಆ ದಿನವೇ.

ದ್ವೀಪ ಸುಮಾರು 47 ಎಕರೆ. ನೆತ್ತಿ ಚಪ್ಪಟೆ, ಅಂಚು ಕಡಿದು. ಕೋಟೆಗೋಡೆ ಕರಾವಳಿಯವರು ಚಿರೆಕಲ್ಲೆನ್ನುವ ಕೆಂಪು ಜಂಬಿಟ್ಟಿಗೆಯದು. ಗೋಡೆಯ ಮೇಲೆ ಗಿಡಗಂಟಿ, ಅದರಾಚೆ ನೀಲಿ ನೀರು, ಮೇಲೆ ಬಿಳಿಹೊಟ್ಟೆಯ ಕಡಲಹದ್ದಿನ ಸುತ್ತು. ಅಂಗಡಿಯಿಲ್ಲ, ಧ್ವನಿವರ್ಧಕವಿಲ್ಲ. ಅಲೆಯ ಸಪ್ಪಳವೊಂದನ್ನುಳಿದು ಬೇರೆ ದನಿಯಿಲ್ಲ. "ನಮ್ಮ ಹೊಲದ ಎರಡರಷ್ಟು ಆಕ್ಕೈತಿ" ಎಂದು ಅಣ್ಣನವರು ಕಣ್ಣಳತೆಯಲ್ಲೇ ನೆಲವನ್ನು ಅಳೆದರು.

ನೀರಿನ ಲೆಕ್ಕ

ಅನನುಭವದ ಫಲವನ್ನು ಇಲ್ಲಿಯೇ ಉಂಡೆವು. ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ಕುಡಿಯುವ ನೀರು ತಂದಿದ್ದೆವು. ಬಂಡೆಗೆ ಇಳಿಯುವಾಗ ಒಂದರ ಮುಚ್ಚಳ ಸಡಿಲಾಗಿ, ಕ್ಯಾನು ಉರುಳಿ, ಉಪ್ಪುನೀರು ಒಳಸೇರಿತು. ಉಳಿದ ಕ್ಯಾನಿನ ಅರ್ಧವನ್ನು ಮಧ್ಯಾಹ್ನದೊಳಗೆ ಕೈತೊಳೆಯಲು, ಮಕ್ಕಳ ಕಾಲು ತೊಳೆಯಲು ಹಾಳುಮಾಡಿದೆವು. ಮೂರು ಗಂಟೆಗೆ ಬರಬೇಕಿದ್ದ ದೋಣಿ ಬರಲಿಲ್ಲ. ನಾಲ್ಕಾಯಿತು, ಐದಾಯಿತು. ಅಷ್ಟರಲ್ಲಿ ಆರು ವರ್ಷದ ನಮ್ಮ ಮೊಮ್ಮಗಳಿಗೆ ವಾಂತಿ ಹತ್ತಿತು. ದೋಣಿಯ ಓಲಾಟವೋ, ಬಿಸಿಲೋ, ಮೂರು ಸಲ ಕಾರಿ ಸೊರಗಿ ಬಿದ್ದಳು. "ಮುತ್ಯಾ, ನೀರು" ಎಂದಳು. ಸುತ್ತ ಕಣ್ಣು ಹರಿವಷ್ಟು ದೂರ ನೀರು!

ಕಡಲನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದನ್ನು ಕುಡಿದರೆ ಆ ಉಪ್ಪನ್ನು ಹೊರಹಾಕಲು ದೇಹ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ನೀರಡಿಕೆ ಹೆಚ್ಚುವುದೇ ಹೊರತು ತೀರದು.

ಅಣ್ಣನ ಮಗ ಎದ್ದ. ಕ್ಯಾನನ್ನು ನೆರಳಿಗೆ ತಂದು, ಉಳಿದ ನೀರನ್ನು ಲೋಟದಿಂದ ಎಣಿಸಿದ. ಚಹಾಕ್ಕೆಂದು ತಂದ ಸಕ್ಕರೆ, ಬುತ್ತಿಯ ಉಪ್ಪು ತರಿಸಿದ. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಪ್ರಮಾಣ ಅವನ ಹೆಂಡತಿಗೆ ಗೊತ್ತಿತ್ತು. ನಮ್ಮ ಮಗ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅಣ್ಣನ ಮಗ ಚಮಚ ಚಮಚವಾಗಿ ಕುಡಿಸಿದ. ತಿಂಗಳುಗಳಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರು ಒಂದೇ ಲೋಟ ಹಿಡಿದು ಕುಳಿತಿದ್ದರು.

ಉಳಿದವರಿಗೆ ಅರ್ಧರ್ಧ ಲೋಟ. ಅಣ್ಣನವರ ಸರದಿ ಬಂದಾಗ ಅವರು ಕೈ ಅಡ್ಡ ಹಿಡಿದರು: "ನನ್ನ ಪಾಲು ಕೂಸಿಗೆ ಇಡ್ರಿ."

ಆ ಶಬ್ದ ಎಲ್ಲರ ಕಿವಿಗೂ ಬಿತ್ತು. ಯಾರೂ ಏನೂ ಅನ್ನಲಿಲ್ಲ. ನಮ್ಮ ಮಗ ತಲೆ ತಗ್ಗಿಸಿದ. ತುಸು ಹೊತ್ತಿನ ಮೇಲೆ ಅವನೇ ಎದ್ದು, ತನ್ನ ಲೋಟವನ್ನು ದೊಡ್ಡಪ್ಪನ ಕೈಗಿಟ್ಟು, ಅವರು ಕುಡಿಯುವವರೆಗೂ ಎದುರಿಗೆ ನಿಂತ.

ಹೊತ್ತು ಮುಳುಗುವ ವೇಳೆಗೆ ದೋಣಿ ಬಂತು. ಎಂಜಿನಿನ ಪಂಕಕ್ಕೆ ಬಲೆ ಸುತ್ತಿಕೊಂಡು ತಡವಾಯಿತಂತೆ. ದೋಣಿಯವರು ನಮಗಿಂತ ಹೆಚ್ಚು ಕಂಗಾಲಾಗಿದ್ದರು. ದಂಡೆ ಸೇರುವಷ್ಟರಲ್ಲಿ ಕೂಸು ಕಣ್ಣರಳಿಸಿ ಎಳನೀರು ಕೇಳಿತು.

ಹೋಗುವವರಿಗೆ ನಾಲ್ಕು ಮಾತು

ನಮ್ಮ ತಪ್ಪು ಇತರರಿಗೆ ಪಾಠವಾಗಲೆಂದು ಕೆಲವು ಮಾತುಗಳನ್ನು ಹೇಳುತ್ತೇವೆ. ಕಡಲಯಾನಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳಿತು. ಮಳೆಗಾಲದಲ್ಲಿ ಆ ವಿಚಾರವನ್ನೇ ಮಾಡಬಾರದು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ದ್ವೀಪಕ್ಕೆ ಹೋಗುವ ಮುನ್ನ ಅನುಮತಿಯ ವಿಷಯವನ್ನು ಸ್ಥಳೀಯ ಪೊಲೀಸರಲ್ಲಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಏರಿಳಿತ ಜೋರು. ದೋಣಿಯವರನ್ನು ಕೇಳಿ ವೇಳೆ ಗೊತ್ತುಮಾಡಿಕೊಳ್ಳಬೇಕು. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬಾರದು. ನೀರನ್ನು ಒಂದೇ ದೊಡ್ಡ ಕ್ಯಾನಿನಲ್ಲಿ ಒಯ್ಯದೆ ಹಲವು ಬಾಟಲಿಗಳಲ್ಲಿ ಹಂಚಿ, ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ಒಯ್ಯಬೇಕು. ತಂದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತರಬೇಕು.

ಕೊನೆಗೆ ಪಾಲಿನ ಮಾತು. ಬಂಧುಗಳು ಕೇಳಬಹುದು: ಆ ಸಂಜೆಯಿಂದ ಮನೆ ಒಂದಾಯಿತೇ? ಇಲ್ಲ. ಸಾಲದ ಭಾರ ಒಂದು ಪ್ರವಾಸದಿಂದ ಇಳಿಯುವಂಥದಲ್ಲ. ಯುಗಾದಿಯ ಹೊತ್ತಿಗೆ ಹೊಲ ಎರಡಾಯಿತು, ಒಲೆ ಎರಡಾದವು. ಆದರೆ ವಾಟ್ನಿಯ ಕಾಗದ ಬರೆಯಲು ಕುಳಿತಾಗ ಬಾವಿಯ ಪ್ರಶ್ನೆ ಬಂತು. ನಮ್ಮ ಮಗ, ಅಣ್ಣನ ಮಗ ಇಬ್ಬರೂ ಒಂದೇ ಉಸಿರಿನಲ್ಲಿ, "ಬಾವಿ ಸಾಮಾಯಿಕ ಇರಲಿ" ಎಂದರು. ನೀರು ಹಾಯಿಸುವ ಪಾಳಿಯ ಚೀಟಿಯನ್ನು ಅಣ್ಣನ ಮಗನೇ ಬರೆದು ಪಂಪಿನ ಕೋಣೆಯ ಗೋಡೆಗೆ ಅಂಟಿಸಿದ್ದಾನೆ. ಈವರೆಗೆ ಆ ಚೀಟಿಯ ಮೇಲೆ ತಂಟೆಯಾಗಿಲ್ಲ. ಈ ಬೇಸಿಗೆಯಲ್ಲಿ ಅವರ ಬಳ್ಳಿ ಬಾಡಿದಾಗ ನಮ್ಮ ಮಗ ತನ್ನ ಪಾಳಿಯ ಎರಡು ರಾತ್ರಿಯನ್ನು ಬಿಟ್ಟುಕೊಟ್ಟದ್ದನ್ನು ನಾವು ಕಣ್ಣಾರೆ ಕಂಡೆವು.

ಅಣ್ಣನವರು ಈಗಲೂ ಸಂಜೆ ಬಾವಿಯ ಕಟ್ಟೆಗೆ ಬಂದು ಕೂಡುತ್ತಾರೆ. ಮೊಮ್ಮಗಳು ಅವರಿಗೆ ತಂಬಿಗೆಯಲ್ಲಿ ನೀರು ತಂದುಕೊಡುತ್ತಾಳೆ. ನಾವೂ ಅವರ ಪಕ್ಕದಲ್ಲಿ ಕೂಡುತ್ತೇವೆ. ಓದುಗ ಬಂಧುಗಳ ಮನೆಗಳಲ್ಲಿಯೂ ಹೊಲ ಎಷ್ಟು ಪಾಲಾದರೂ ಒಂದು ಬಾವಿಯಾದರೂ ಸಾಮಾಯಿಕವಾಗಿ ಉಳಿಯಲಿ ಎಂಬುದೇ ನಮ್ಮ ಹಾರೈಕೆ.