ಕಡಲು ಕುಗ್ಗಿಸುವ ಲೆಕ್ಕ

ಸಿಂದಗಿ ತಾಲ್ಲೂಕಿನ ಯಂಕಂಚಿಗೆ ಕಡಲು ಬಲು ದೂರ. ಅಲ್ಲಿಯ ಹುಡುಗನೊಬ್ಬ ಯುದ್ಧನೌಕೆಯ ಮಾದರಿ ಮಾಡಿ ಹೊಲದ ಕೃಷಿ ಹೊಂಡದಲ್ಲಿ ತೇಲಿಬಿಟ್ಟ ಅಂದುಕೊಳ್ಳಿ. ಕೆಲಸ ಎಷ್ಟೇ ನಾಜೂಕಾಗಿರಲಿ, ಫೋಟೊದಲ್ಲಿ ಅದು ಆಟಿಕೆಯೇ. ಗುಟ್ಟು ಬಿಟ್ಟುಕೊಡುವುದು ನೀರು.

ಉದಾಹರಣೆಗೆ ಕಾರವಾರದ ‘ಚಪಲ’ವನ್ನೇ ತೆಗೆದುಕೊಳ್ಳೋಣ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಈ ಕ್ಷಿಪಣಿ ದೋಣಿ ಈಗ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿದೆ. (1971ರ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿದ್ದು ಇದೇ ಅನ್ನುವವರಿದ್ದಾರೆ. ಎರಗಿದವು ಇದರದೇ ‘ಓಸಾ’ ಎಂಬ ಕ್ಷಿಪಣಿ ದೋಣಿ ಕುಲದ ಅಣ್ಣಂದಿರು. ಚಪಲ ಬಂದದ್ದೇ ಐದು ವರ್ಷ ತಡವಾಗಿ.) ಉದ್ದ ಸುಮಾರು 38.6 ಮೀಟರ್. 72ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ 54 ಸೆಂಟಿಮೀಟರ್. ಡೆಕ್ ಮೇಲಿನ ನಾವಿಕ ಎರಡೂಕಾಲು ಸೆಂಟಿಮೀಟರ್ ಎತ್ತರ. ಪ್ಲಾಸ್ಟಿಕ್ ಹಾಳೆ, ಬ್ಲೇಡು, ತಾಳ್ಮೆ ಇದ್ದರೆ ದೋಣಿ ಆಯಿತು.

ನೀರು ಈ ಲೆಕ್ಕಕ್ಕೆ ಬಗ್ಗದು. 1.7 ಸೆಂಟಿಮೀಟರಿಗಿಂತ ಗಿಡ್ಡ ಅಲೆಗಳ ಮೇಲೆ ಗುರುತ್ವಕ್ಕಿಂತ ಮೇಲ್ಮೈ ಸೆಳೆತದ್ದೇ ಹೆಚ್ಚು ಅಧಿಕಾರ. ನಿಜ ಕಡಲಿನ ಒಂದು ಮೀಟರ್ ಉದ್ದದ ಅಲೆ ಮಾದರಿಯಲ್ಲಿ 1.4 ಸೆಂಟಿಮೀಟರ್ ಆಗಬೇಕು. ಅಷ್ಟು ಚಿಕ್ಕದಾದಾಗ ಅದು ಒಡೆದು ನೊರೆಯಾಗದೆ ನುಣುಪಾಗಿ ದುಂಡಗಾಗುತ್ತದೆ. ಹನಿಯೂ ಕುಗ್ಗದು. ಹೊಂಡದಿಂದ ಸಿಡಿದ 4 ಮಿಲಿಮೀಟರಿನ ಹನಿ ಆ ಪುಟ್ಟ ನಾವಿಕನ ಪಾಲಿಗೆ ಕುಂಬಳಕಾಯಿ.

ಹಾಗಾಗಿ ಕಡಲನ್ನು ನೀರಿಲ್ಲದೆಯೇ ಮಾಡಬೇಕು. ಥರ್ಮಾಕೋಲ್ ಹಲಗೆ, ಅದರ ಮೇಲೆ ಫೆವಿಕಾಲ್‌ನಲ್ಲಿ ನೆನೆಸಿ ಸುಕ್ಕುಗಟ್ಟಿಸಿದ ಟಿಶ್ಯೂ ಕಾಗದ, ಅಕ್ರಿಲಿಕ್ ಬಣ್ಣ, ಕೊನೆಗೆ ಹೊಳೆಯುವ ವಾರ್ನಿಶ್. ಸ್ಪ್ರೇ ಬಣ್ಣವನ್ನು ಥರ್ಮಾಕೋಲ್‌ಗೆ ನೇರವಾಗಿ ಹೊಡೆಯಬೇಡಿ, ಕರಗಿಹೋಗುತ್ತದೆ.

ನಿಜವಾದ ಕಷ್ಟ ಅಲೆ ಎಲ್ಲಿ ಏಳಬೇಕು ಎಂಬುದು. ದೋಣಿ ಎಬ್ಬಿಸುವ ಅಲೆಯ ಉದ್ದ ಅದರ ವೇಗದ ವರ್ಗಕ್ಕೆ ತಕ್ಕಂತೆ ಹಿಗ್ಗುತ್ತದೆ. 15 ನಾಟ್ ವೇಗದಲ್ಲಿ ಅದು ಹೆಚ್ಚುಕಡಿಮೆ ಚಪಲದಷ್ಟೇ ಉದ್ದ: ಒಂದು ಉಬ್ಬು ಮೂತಿಯಲ್ಲಿ, ಮತ್ತೊಂದು ಹಿಂತುದಿಯಲ್ಲಿ, ನಡುವೆ ತಗ್ಗು. ವೇಗ 30 ನಾಟ್‌ಗೆ ಏರಿದರೆ ಅಲೆ ನಾಲ್ಕು ಪಟ್ಟು, ಅಂದರೆ 150 ಮೀಟರ್ ಮೀರುತ್ತದೆ. ಮಾದರಿಯಲ್ಲಿ ಎರಡು ಮೀಟರ್, ಟೇಬಲ್ಲೇ ಸಾಲದು. ಆಗ ದೋಣಿ ಮೂತಿ ಎತ್ತಿ, ಹಿಂಬದಿ ಕುಸಿದು, ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತುತ್ತಿರುತ್ತದೆ. ಓಡುವ ದೋಣಿಯನ್ನು ಮಟ್ಟಸವಾಗಿ ಅಂಟಿಸಿ, ಪಕ್ಕದಲ್ಲಿ ಸಾಲುಸಾಲು ತೆರೆ ಕೆತ್ತಿದ ಮಾದರಿ ನನ್ನ ಕಣ್ಣಿಗಂತೂ ಸುಳ್ಳು.

ಹಿಂದೆ ಹರಡುವ ಜಾಡಿಗೂ ಲೆಕ್ಕವಿದೆ. ಆಳ ನೀರಿನಲ್ಲಿ ಅದು ಎಡಬಲಕ್ಕೆ ತಲಾ 19.5 ಡಿಗ್ರಿ, ಬಾತುಕೋಳಿಗೂ ಹಡಗಿಗೂ ಒಂದೇ ಎಂದು 1887ರಲ್ಲಿ ತೋರಿಸಿದವರು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಜ್ಞಾನಿ. ಆದರೆ ವೇಗದ ದೋಣಿಗಳ ಜಾಡು ಇನ್ನೂ ಕಿರಿದಾಗಿ ಕಾಣುತ್ತದೆಂದು 2013ರಲ್ಲಿ ಫ್ರಾನ್ಸಿನ ಸಂಶೋಧಕರು ವಿವರಿಸಿದರು. ಪೂರ್ಣ ವೇಗದ ಚಪಲ ಈ ಗುಂಪಿಗೇ ಸೇರುತ್ತದೆ.

ಕಾರವಾರಕ್ಕೆ ಹೋದವರು ಕ್ಷಿಪಣಿ ಕೊಳವೆಗಳ ಮುಂದೆ ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ನೀವು ಮಾದರಿ ಮಾಡುವವರಾದರೆ ಕೆಳಗಿಳಿದು ತಳವನ್ನೂ ನೋಡಿ. ದೋಣಿ ನೆಲದ ಮೇಲಿರುವುದರಿಂದ ಅದು ಕಾಣುತ್ತದೆ. ಅಲೆ ಎಬ್ಬಿಸುವುದು ಆ ಭಾಗವೇ.