ಕಿಂದರಿಜೋಗಿಯೂ ಅರಿವೆಯ ಗೊಂಬೆಯೂ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಮ್ಮೂರ ಕಥೆಯೆಂದೇ ಹಗರಿಬೊಮ್ಮನಹಳ್ಳಿಯಲ್ಲಿ ಬೆಳೆದ ನಾನು ಬಾಲ್ಯದಲ್ಲಿ ನಂಬಿದ್ದೆ. ಅದರ ಬೇರು ಬ್ರೌನಿಂಗ್ ಕವಿಯ 1842ರ ಕವನದಲ್ಲಿದೆಯೆಂಬುದೂ, ಮೂಲದ ಊರು ಜರ್ಮನಿಯ ಹ್ಯಾಮೆಲಿನ್ ಎಂಬುದೂ ಕಾಲೇಜು ಸೇರಿದ ಮೇಲೆ ತಿಳಿಯಿತು.

ಅಮೆರಿಕದ ಜಾನಿ ಗ್ರುಯೆಲ್ 1915ರಲ್ಲಿ ಬಟ್ಟೆಯ ಗೊಂಬೆಯೊಂದರ ವಿನ್ಯಾಸಕ್ಕೆ ಪೇಟೆಂಟ್ ಪಡೆದು, 1918ರಲ್ಲಿ ಅದರ ಕಥೆಗಳನ್ನು ಪ್ರಕಟಿಸಿದರು. ಪುಸ್ತಕದ ಜೊತೆಗೇ ‘ರ್‍ಯಾಗೆಡಿ ಆ್ಯನ್’ ಗೊಂಬೆಯೂ ಅಂಗಡಿಗೆ ಬಂದಿತು. ನಮಗೆ ಅಂತಹ ಅಂಗಡಿಯೆಲ್ಲಿಯದು? ಅವ್ವನ ಹಳೆಯ ಇಳಕಲ್ ಸೀರೆಯ ಸೆರಗೇ ಜೋಗಿಯ ನಿಲುವಂಗಿಯಾಯಿತು. ಒಡಲಿಗೆ ಹತ್ತಿ, ಕಣ್ಣಿಗೆ ಕರಿಯ ದಾರ. ನೆರೆಯ ತಾಂಡಾದ ಲಂಬಾಣಿ ಅಜ್ಜಿಯೊಬ್ಬಳು ಕೊಟ್ಟ ಕನ್ನಡಿಯ ಬಿಲ್ಲೆ ಅವನ ಎದೆಯಲ್ಲಿ ಮಿನುಗಿತು.

ಬ್ರೌನಿಂಗನ ಕವನದಲ್ಲಿ ಕುಂಟ ಬಾಲಕನೊಬ್ಬನು ಉಳಿದವರೊಡನೆ ಓಡಲಾರದೆ ಹಿಂದುಳಿಯುತ್ತಾನೆ. ನನ್ನಿಂದ ಆ ಸಂಗತಿ ಕೇಳಿದ ಅವ್ವ ಅವನನ್ನೂ ಹೊಲಿದಳು. ಪೋಲಿಯೊದಿಂದ ಕಾಲು ಸೋತಿದ್ದ ನನ್ನ ತಂಗಿ ಜೋಗಿಯನ್ನು ಬದಿಗಿಟ್ಟು ಆ ಹುಡುಗನನ್ನು ಎತ್ತಿಕೊಂಡಳು.

“ಅಣ್ಣಾ, ಇವ ಉಳಿದಿದ್ದಕ್ಕಽ ಕಥಿ ಹೇಳಾಕ ಒಬ್ಬರಾದರೂ ಉಳಿದರು ನೋಡು” ಎಂದಳು.

ಸಾಹಿತ್ಯವನ್ನು ಬೋಧಿಸುವ ನನಗೆ ಅದು ಹೊಳೆದಿರಲಿಲ್ಲ.

ಪುಸ್ತಕದ ಹಾಳೆಗಳು ಈಗ ಉದುರಿಹೋಗಿವೆ. ಆ ಹುಡುಗ ಮಾತ್ರ ತಂಗಿಯ ಮಗಳ ಮಗ್ಗುಲಲ್ಲಿ ಮಲಗಿ, ಪ್ರತಿ ರಾತ್ರಿಯೂ ಕಥೆ ಕೇಳುತ್ತಿದ್ದಾನೆ.