ರೋಧಕಗಳ ಸಂಕೇತ ಲಿಪಿ

ಹಳೆಯ ರೇಡಿಯೊ ಒಂದರ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡಿದರೆ ತಂತಿಗಳ ನಡುವೆ ಬಣ್ಣಬಣ್ಣದ ಸಣ್ಣ ಉರುಳೆಗಳು ಕಾಣುತ್ತವೆ. ವಿದ್ಯುತ್ ಪ್ರವಾಹವನ್ನು ಬೇಕಾದ ಮಿತಿಯಲ್ಲಿ ತಡೆಹಿಡಿಯುವ ಈ ವಸ್ತುಗಳಿಗೆ ರೋಧಕಗಳೆಂದು ಹೆಸರು. ಅಂಗಡಿಯ ಮಾತಿನಲ್ಲಿ ರೆಸಿಸ್ಟರು. ಅವುಗಳ ಮೇಲಿನ ಬಣ್ಣ ಅಲಂಕಾರಕ್ಕಾಗಿ ಬಳಿದುದಲ್ಲ. ಎಷ್ಟು ಓಮ್ ರೋಧವಿದೆ ಎಂಬುದನ್ನು ತಿಳಿಸುವ ಬರಹ ಅದು. ಈ ಬರಹದ ಲಿಪಿ ಹಲವು ಬಾರಿ ಬದಲಾಗಿದೆ. ಒಂದು ಕಾಲದ ಲಿಪಿಯನ್ನು ಇನ್ನೊಂದು ಕಾಲದ ನಿಯಮದಿಂದ ಓದಿದರೆ ಲೆಕ್ಕ ಹತ್ತು ಮಡಿ ತಪ್ಪುವುದುಂಟು. ಆದುದರಿಂದ 10,000 ಓಮಿನ ಒಂದು ರೋಧಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಬದಲಾವಣೆಗಳನ್ನು ನೋಡೋಣ.

ರೇಡಿಯೊ ಉದ್ಯಮದ ಆರಂಭಕಾಲದಲ್ಲಿ ತಯಾರಕರು ತಮತಮಗೆ ತೋಚಿದ ಗುರುತುಗಳನ್ನು ಹಾಕುತ್ತಿದ್ದರು. 1924ರಲ್ಲಿ ಸ್ಥಾಪಿತವಾದ ಅಮೆರಿಕದ ರೇಡಿಯೊ ತಯಾರಕರ ಸಂಘವು ಮುಂದೆ ಇದಕ್ಕೊಂದು ಕ್ರಮವನ್ನು ತಂದಿತು. ಉರುಳೆಯ ಮೇಲೆ ಅಚ್ಚೊತ್ತಿದ ಅಂಕಿ, ಬೆಸುಗೆಯಾದ ಬಳಿಕ ಅಡಿಭಾಗಕ್ಕೆ ಹೋದರೆ ಕಾಣುವುದೇ ಇಲ್ಲ. ಸುತ್ತ ಬಳಿದ ಬಣ್ಣವಾದರೋ ಯಾವ ಪಕ್ಕದಿಂದಲೂ ಕಾಣುತ್ತದೆ. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ನಡುವಣ ಬಣ್ಣಗಳು ಕಾಮನಬಿಲ್ಲಿನ ಕ್ರಮದಲ್ಲಿಯೇ ಇರುವುದರಿಂದ ಇದನ್ನು ಕಂಠಪಾಠ ಮಾಡುವುದು ಕಷ್ಟವಲ್ಲ.

ಮೊದಲಿನ ಪದ್ಧತಿಯಲ್ಲಿ ಮೈಯ ಬಣ್ಣ ಮೊದಲ ಅಂಕಿ, ಒಂದು ತುದಿಯ ಬಣ್ಣ ಎರಡನೆಯ ಅಂಕಿ, ನಡುವಿನ ಚುಕ್ಕೆ ಮುಂದೆ ಬರೆಯಬೇಕಾದ ಸೊನ್ನೆಗಳ ಸಂಖ್ಯೆ. ನಮ್ಮ ರೋಧಕಕ್ಕೆ ಕಂದು ಮೈ, ಕಪ್ಪು ತುದಿ, ಕಿತ್ತಳೆ ಚುಕ್ಕೆ. ಇದರಲ್ಲೊಂದು ತೊಡಕಿತ್ತು. 2,200 ಓಮಿಗೆ ಮೈಯೂ ಕೆಂಪು, ತುದಿಯೂ ಕೆಂಪು, ಚುಕ್ಕೆಯೂ ಕೆಂಪು! ಕೆಂಪಿನ ಮೇಲೆ ಕೆಂಪು ಚುಕ್ಕೆ ಯಾರಿಗೆ ಕಂಡೀತು? ಹೊಸಬರು ಅದನ್ನು ಗುರುತೇ ಇಲ್ಲದ ರೋಧಕವೆಂದು ಬದಿಗಿರಿಸಿದರೆ ಆಶ್ಚರ್ಯವಿಲ್ಲ. ಅನಂತರ ಬಂದ ಪಟ್ಟೆಗಳ ಪದ್ಧತಿಯಲ್ಲಿ ಈ ತೊಡಕು ನೀಗಿತು. ಒಂದು ತುದಿಯಿಂದ ಕ್ರಮವಾಗಿ ಕಂದು, ಕಪ್ಪು, ಕಿತ್ತಳೆ ಎಂದು ಓದಿದರೆ ಸಾಕು. ನಾಲ್ಕನೆಯ ಪಟ್ಟೆ ಬೆಳ್ಳಿಯದಾದರೆ ಮೌಲ್ಯ ಶೇಕಡ 10ರಷ್ಟು ಹೆಚ್ಚುಕಡಮೆ ಇರಬಹುದು. ಚಿನ್ನದ್ದಾದರೆ ಶೇಕಡ 5. ಪಟ್ಟೆಯೇ ಇಲ್ಲದಿದ್ದರೆ ಶೇಕಡ 20.

ಅಂಗಡಿಯಲ್ಲಿ 4,700 ಓಮಿನ ರೋಧಕ ದೊರೆಯುತ್ತದೆ, 5,000ದ್ದು ಸಾಮಾನ್ಯವಾಗಿ ದೊರೆಯುವುದಿಲ್ಲವೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರ ಈ ಹೆಚ್ಚುಕಡಮೆಯಲ್ಲಿಯೇ ಇದೆ. ಶೇಕಡ 20ರ ರೋಧಕಗಳಿಗೆ 10, 15, 22, 33, 47, 68 ಎಂಬ ಆರೇ ಮೌಲ್ಯಗಳು ಸಾಕು. 10ಕ್ಕೆ ಶೇಕಡ 20 ಕೂಡಿಸಿದರೆ 12. 15ರಿಂದ ಶೇಕಡ 20 ಕಳೆದರೂ 12. ಒಂದರ ಮೇರೆ ಮುಗಿಯುವಲ್ಲಿ ಮುಂದಿನದರ ಮೇರೆ ತೊಡಗುತ್ತದೆ. ಈ ಬಗೆಯ ಶ್ರೇಣಿಗಳನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1952ರಲ್ಲಿ ಪ್ರಕಟಿಸಿತು. ಆದರೆ ತಯಾರಿಕೆ ಸೂಕ್ಷ್ಮವಾಗಿ ಶೇಕಡ 1ರ ರೋಧಕಗಳು ಬಂದಾಗ ಎರಡು ಅಂಕಿಗಳು ಸಾಲದಾದವು; ಮೂರು ಅಂಕಿಗಳಿಗಾಗಿ ಐದು ಪಟ್ಟೆಗಳು ಬಂದವು. ಬಹುಕಾಲ ಬಿಸಿಯಲ್ಲಿದ್ದ ರೋಧಕದಲ್ಲಿ ಕೆಂಪು, ಕಂದು, ಕಿತ್ತಳೆಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಕೆಂಪು-ಹಸಿರುಗಳ ಭೇದ ಕಾಣದ ಕಣ್ಣಿನವರಿಗಂತೂ ಈ ಲಿಪಿ ಎಂದೂ ಅನುಕೂಲವಾಗಿರಲಿಲ್ಲ.

ಅಕ್ಷರಗಳನ್ನು ಬಳಸುವ ಕ್ರಮವೂ ಒಂದುಂಟು. 4.7 ಸಾವಿರ ಓಮ್ ಎಂಬುದನ್ನು 4ಕೆ7 ಎಂದು ರೋಮನ್ ಅಕ್ಷರವನ್ನು ನಡುವಿಟ್ಟು ಬರೆಯುತ್ತಾರೆ. ದಶಮಾಂಶದ ಬಿಂದು ಅಳಿಸಿಹೋದರೆ 4.7 ಎಂಬುದು 47 ಆಗುತ್ತದೆ. ಅಕ್ಷರ ಅಷ್ಟು ಸುಲಭವಾಗಿ ಅಳಿಯದು. ಬಹು ಜಾಣತನದ ಉಪಾಯವಿದು.

ತಂತಿಯ ಕಾಲುಗಳಿಲ್ಲದೆ ಹಲಗೆಯ ಮೇಲ್ಮೈಗೇ ಬೆಸೆಯುವ ಚಪ್ಪಟೆ ರೋಧಕಗಳು ಬಳಕೆಗೆ ಬಂದ ಮೇಲೆ ಪಟ್ಟೆಗಳಿಗೆ ಎಡೆಯಿಲ್ಲದಾಯಿತು. ನಮ್ಮ 10,000 ಓಮಿನ ರೋಧಕ ಈಗ 103: ಹತ್ತರ ಮುಂದೆ ಮೂರು ಸೊನ್ನೆ. ಎಡವುವುದು ಇಲ್ಲಿಯೇ. 100 ಎಂದು ಬರೆದಿದ್ದರೆ ಅದು ನೂರು ಓಮ್ ಅಲ್ಲ, ಹತ್ತು ಓಮ್. ನೂರು ಬೇಕಾದರೆ 101 ಎಂದಿರಬೇಕು. ನೂರು ಓಮಿನ ಬದಲು ಹತ್ತು ಓಮಿನದನ್ನು ಹಾಕಿ, ಅದೇ ವೋಲ್ಟೇಜನ್ನು ಕೊಟ್ಟರೆ ಪ್ರವಾಹವೂ ಹತ್ತು ಮಡಿ, ಅದು ಹೊರಸೂಸುವ ಶಾಖವೂ ಹತ್ತು ಮಡಿ. ಹೊಗೆ ಏಳಲು ಅಷ್ಟು ಸಾಕು. ಹಿಂದೆ ಕಂಡೆನ್ಸರು ಎನ್ನುತ್ತಿದ್ದ ಧಾರಕಗಳಲ್ಲಿ ಗೊಂದಲ ಇನ್ನೂ ಹೆಚ್ಚು: ಒಂದರ ಮೇಲಿನ 100 ನೇರವಾಗಿ ನೂರು ಪಿಕೊಫ್ಯಾರಡ್ ಆಗಿದ್ದರೆ, ಇನ್ನೊಂದರ ಮೇಲಿನದು ಹತ್ತು.

ಶೇಕಡ 1ರ ಚಪ್ಪಟೆ ರೋಧಕದಲ್ಲಿ ನಾಲ್ಕು ಅಂಕಿಗಳಿಗೆ ಎಡೆಯಿದ್ದರೆ 10,000 ಓಮಿಗೆ 1002 ಎಂದು ಬರೆಯುತ್ತಾರೆ. ಎಡೆಯಿಲ್ಲದಿದ್ದರೆ 01ಸಿ ಎಂಬ ಗೂಢಲಿಪಿ. ಇಲ್ಲಿ 01 ಎಂಬುದು ಮೌಲ್ಯವೇ ಅಲ್ಲ. 96 ಮೌಲ್ಯಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನ, ಅಂದರೆ 100. ಸಿ ಎಂದರೆ ಮುಂದೆ ಎರಡು ಸೊನ್ನೆ. ಪಟ್ಟಿ ಕೈಯಲ್ಲಿಲ್ಲದವನಿಗೆ ಇದು ಓದಲು ಬಾರದ ಬರಹ.

ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ರೋಧಕಗಳ ಮೇಲೆ ಸಾಮಾನ್ಯವಾಗಿ ಏನನ್ನೂ ಬರೆಯುವುದಿಲ್ಲ. ಅವುಗಳ ಮೌಲ್ಯ ಇರುವುದು ಅವನ್ನು ಸುತ್ತಿಟ್ಟ ಸುರುಳಿಯ ಚೀಟಿಯಲ್ಲಿ; ಸುರುಳಿಯಿಂದ ಬಿಡಿಸಿಕೊಂಡ ಮೇಲೆ ಅವು ಅನಾಮಿಕ. ಹಲಗೆಯ ಮೇಲಿರುವಾಗ ಮೀಟರ್ ಹಿಡಿದು ಅಳೆದರೂ ಅಕ್ಕಪಕ್ಕದ ದಾರಿಗಳಲ್ಲಿ ಪ್ರವಾಹ ಹರಿಯುವುದರಿಂದ ಲೆಕ್ಕ ಕೆಡಬಹುದು. ಒಂದು ತುದಿಯ ಬೆಸುಗೆಯನ್ನಾದರೂ ಬಿಡಿಸಬೇಕು. ಸುಟ್ಟುಹೋಗಿದ್ದರೆ ಅಳೆದೂ ಫಲವಿಲ್ಲ. ಆಗ ರಿಪೇರಿ ಮಾಡುವವರಿಗೆ ಉಳಿಯುವುದು ಹಲಗೆಯ ಮೇಲಿನ ಕ್ರಮಸಂಖ್ಯೆ ಮತ್ತು ತಯಾರಕರ ಮಂಡಲ ನಕ್ಷೆ. ನಕ್ಷೆಯನ್ನು ತಯಾರಕರು ಪ್ರಕಟಿಸದಿದ್ದರೆ, ಅದೇ ಮಾದರಿಯ ಸುಸ್ಥಿತಿಯ ಇನ್ನೊಂದು ಹಲಗೆಯನ್ನು ಹುಡುಕಿ, ಅದೇ ಜಾಗದ ರೋಧಕವನ್ನು ಬಿಡಿಸಿ ಅಳೆಯಬೇಕಾಗುತ್ತದೆ.